ಹಗ್ಗ ಹಿಡಿದ ಕೈ

ಆ ಕ್ಷೌರದ ಅಂಗಡಿಗೆ ಒಂದು ಹೆಸರಿತ್ತು, ಬಾಗಿಲ ಮೇಲೆ ಬೋರ್ಡೂ ಇತ್ತು. ಅದನ್ನು ಓದಿದವರು ಮಾತ್ರ ಯಾರೂ ಇಲ್ಲ. ಬಡಾವಣೆಯವರ ಬಾಯಲ್ಲಿ ಅದು ಕುದುರೆ ಅಂಗಡಿ. ಕುದುರೆ ಎಂದರೆ ಅದರ ಮಾಲೀಕ, ನಲವತ್ತೆಂಟು ವಯಸ್ಸಿನ ಕ್ಷೌರಿಕ. ಇಪ್ಪತ್ತೆರಡು ವರ್ಷಗಳಿಂದ ಬೆಳಗ್ಗೆ ಐದಕ್ಕೆದ್ದು ಹತ್ತು ಹನ್ನೆರಡು ಕಿಲೋಮೀಟರ್ ಓಡಿ, ಸ್ನಾನ ಮುಗಿಸಿ, ಏಳೂವರೆಗೆ ಷಟರ್ ಎತ್ತುತ್ತಿದ್ದ. ಆಮೇಲೆ ಇಡೀ ದಿನ ನಿಂತೇ ಕೆಲಸ. ನಿನ್ನ ಕಾಲನ್ನು ಯಾವ ಕಬ್ಬಿಣದಲ್ಲಿ ಮಾಡಿದ್ದಾರಯ್ಯಾ ಎಂದು ಗಿರಾಕಿಗಳು ಕೇಳುತ್ತಿದ್ದರು, ಅವನು ಬೀಗುತ್ತಿದ್ದ. ಕತ್ತರಿ ಅವನ ಮೊದಲನೆಯ ಕಸುಬಾದರೆ ಬೀಗುವುದು ಎರಡನೆಯದು. ಮೂರನೆಯದು ಮಾತು, ಅದರಲ್ಲೇ ಅವನು ಎಲ್ಲಕ್ಕಿಂತ ಪಳಗಿದ್ದ.

ಐದು ವರ್ಷಗಳ ಹಿಂದೆ ಅವನಿಗೆ ಬೆತ್ತದ ಮೇಷ್ಟ್ರು ಗಂಟುಬಿದ್ದರು. ಬೆತ್ತ ಹಿಡಿದು ಮಕ್ಕಳನ್ನು ಬೆದರಿಸುವ ಮೇಷ್ಟ್ರಲ್ಲ ಇವರು. ಕಣ್ಣು ಕಾಣದವರ ತರಬೇತಿ ಶಾಲೆಯಲ್ಲಿ ಬೆತ್ತದ ಕುರ್ಚಿ ಹೆಣೆಯುವುದನ್ನು ಕಲಿಸುವವರು. ಹನ್ನೊಂದನೆಯ ವಯಸ್ಸಿಗೆ ಅವರ ಕಣ್ಣೂ ಹೋಗಿತ್ತು. ಕಟಿಂಗ್‌ಗೆಂದು ಬಂದವರು ಕುದುರೆ ತನ್ನ ಓಟದ ಬಗ್ಗೆ ಕೊಚ್ಚಿಕೊಳ್ಳುವುದನ್ನು ಅರ್ಧ ಗಂಟೆ ಸುಮ್ಮನೆ ಕೇಳಿದರು. ಏಳುವಾಗ, ನನ್ನನ್ನೂ ಒಂದು ದಿನ ಕರೆದುಕೊಂಡು ಹೋಗುತ್ತೀರಾ ಎಂದು ಕೇಳಿದರು. ಬಾಯಿ ಬಡಾಯಿ ಮಾಡಿಕೊಂಡವನಿಗೆ ಇಲ್ಲವೆನ್ನಲು ದಾರಿಯಿರಲಿಲ್ಲ.

ಹಾಗೆ ಶುರುವಾಯಿತು. ಮೊಳದುದ್ದದ ಒಂದು ಹಗ್ಗ, ಎರಡು ತುದಿಯಲ್ಲೂ ಕುಣಿಕೆ. ಒಂದು ಕುಣಿಕೆ ಕುದುರೆಯ ಬಲಗೈಯಲ್ಲಿ, ಇನ್ನೊಂದು ಮೇಷ್ಟ್ರ ಎಡಗೈಯಲ್ಲಿ. ಹೆಜ್ಜೆಗೆ ಹೆಜ್ಜೆ ಕೂಡಬೇಕು, ಕೈ ಬೀಸುವುದೂ ಕೂಡಬೇಕು. ಕುದುರೆ ದಾರಿಯನ್ನು ಬಾಯಲ್ಲಿ ಹೇಳುತ್ತಾ ಓಡಬೇಕು: ಎಡ, ಬಲ, ಉಬ್ಬು, ಇಳಿಜಾರು, ಮುಂದೆ ಸೈಕಲ್ಲು. ಹಗ್ಗ ಹಿಡಿದವನ ಕಣ್ಣು ಆ ಹೊತ್ತಿಗೆ ಅವನದಲ್ಲ, ಪಕ್ಕದವರದು. ಮಾತೇ ಕಸುಬಾದ ಕುದುರೆಗೆ ಇದು ಹೇಳಿ ಮಾಡಿಸಿದ ಕೆಲಸ. ಅಣ್ಣ, ನೀವು ಹೇಳುವ ದಾರಿ ನಿಜವಾದ ದಾರಿಗಿಂತ ಚೆನ್ನಾಗಿರುತ್ತದೆ ಎಂದು ಮೇಷ್ಟ್ರು ನಗುತ್ತಿದ್ದರು. ನಲವತ್ತು ತುಂಬುವುದರೊಳಗೆ ನಲವತ್ತೆರಡು ಕಿಲೋಮೀಟರಿನ ಪೂರ್ತಿ ಓಟ ಓಡಬೇಕೆಂಬುದು ಅವರ ಆಸೆ. ಈಗ ಅವರಿಗೆ ಮೂವತ್ತೊಂಬತ್ತು.

ಇಬ್ಬರೂ ಬಿದ್ದದ್ದು ಇಪ್ಪತ್ತೊಂದು ಕಿಲೋಮೀಟರಿನ ಒಂದು ಅರ್ಧ ಓಟದಲ್ಲಿ, ಹನ್ನೊಂದನೆಯ ಕಿಲೋಮೀಟರಿನ ತಿರುವಿನಲ್ಲಿ. ಅಲ್ಲಿ ಗಿಡ್ಡ ಗೋಡೆಯೊಂದರ ಮೇಲೆ ಒಬ್ಬ ನಿಂತು ಓಟಗಾರರ ಫೋಟೋ ತೆಗೆಯುತ್ತಿದ್ದ. ಕುದುರೆ ಅವನನ್ನು ದೂರದಿಂದಲೇ ನೋಡಿದ. ಬೆವರಿಗೆ ಮುಂಗೂದಲು ಹಣೆಗೆ ಅಂಟಿತ್ತು. ಊರಿನ ತಲೆಯನ್ನೆಲ್ಲ ತಿದ್ದುವವನು ತಾನು ಕೆದರಿದ ತಲೆಯಲ್ಲಿ ಫೋಟೋಗೆ ಬೀಳುವುದೇ? ಕೈಯೆತ್ತಿ ಕೂದಲು ಸವರಿಕೊಂಡ. ಎತ್ತಿದ್ದು ಬಲಗೈ. ಹಗ್ಗ ಹಿಡಿದ ಕೈ.

ಹಗ್ಗ ಎಡಗೈಯನ್ನು ಇದ್ದಕ್ಕಿದ್ದಂತೆ ಮೇಲಕ್ಕೆ ಸೆಳೆದದ್ದೇ ಮೇಷ್ಟ್ರು ಅವನ ಮೇಲೆ ವಾಲಿದರು, ಕಾಲಿಗೆ ಕಾಲು ತೊಡರಿತು. ಕುದುರೆಯ ಎಡಗಾಲು ಚರಂಡಿಯ ಕಲ್ಲುಚಪ್ಪಡಿಯ ಸಂದಿಗೆ ಹೋಯಿತು, ಮೈ ಮಾತ್ರ ಮುಂದಕ್ಕೆ ಹೋಯಿತು. ಮಂಡಿಯೊಳಗೆ ಏನೋ ಪಟ್ಟೆಂದದ್ದು ಅವನಿಗೆ ಕಿವಿಯಲ್ಲೇ ಕೇಳಿಸಿತು. ಮೇಷ್ಟ್ರು ಎರಡೂ ಅಂಗೈ ತರಚಿಕೊಂಡು ನೆಲದಲ್ಲಿ ಕೂತು, ಅಣ್ಣ ಎಲ್ಲಿದ್ದೀರಿ, ಅಣ್ಣ ಎಲ್ಲಿದ್ದೀರಿ ಎಂದು ತಡಕಾಡುತ್ತಿದ್ದರು.

ಆಸ್ಪತ್ರೆಗೆ ಕುದುರೆಯ ಹೆಂಡತಿ ಬಂದಳು. ಅವಳು ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವವಳು, ಗದರುವುದು ಅವಳಿಗೆ ಉಸಿರಾಡಿದಷ್ಟು ಸಲೀಸು. ಮೊಮ್ಮಕ್ಕಳನ್ನು ಎತ್ತುವ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ, ಅಷ್ಟು ವರ್ಷ ಓಡಿದವನು ಹೇಗೆ ಬಿದ್ದೆ ಎಂದು ಅಲ್ಲೇ ತರಾಟೆಗೆ ತೆಗೆದುಕೊಂಡಳು. ಕೂದಲು ಸರಿಮಾಡಿಕೊಳ್ಳಲು ಹೋಗಿ ಬಿದ್ದೆ ಎಂದು ಹೆಂಡತಿಯ ಮುಂದೆ ಹೇಳುವ ಗಂಡಸು ಇನ್ನೂ ಹುಟ್ಟಬೇಕಷ್ಟೆ.

"ಹಗ್ಗ ಜಗ್ಗಿಬಿಡ್ತು," ಎಂದ ಕುದುರೆ.

ಸುಳ್ಳೂ ಅಲ್ಲ, ನಿಜವೂ ಅಲ್ಲ. ಅಂಥ ಮಾತು ಹೊಸೆಯುವುದರಲ್ಲಿ ಅವನ ಕೈ ನುರಿತಿತ್ತು. ಆದರೆ ಗೋಡೆಯ ಪಕ್ಕದ ಬೆಂಚಿನಲ್ಲಿ ಅಂಗೈಗೆ ಪಟ್ಟಿ ಸುತ್ತಿಸಿಕೊಂಡು ಮೇಷ್ಟ್ರು ಕೂತಿದ್ದರು. ಅವರ ಮುಖ ಮೆಲ್ಲಗೆ ಇತ್ತ ತಿರುಗಿತು.

"ನಾನಾ ಅಣ್ಣ, ಜಗ್ಗಿದ್ದು?"

ಅಲ್ಲ ಎನ್ನಲು ಒಂದೇ ಒಂದು ಮಾತು ಸಾಕಿತ್ತು. ಕುದುರೆ ಹೆಂಡತಿಯ ಮುಖ ನೋಡಿದ, ಕಾಲಿಗೆ ಕಟ್ಟಿದ ಪಟ್ಟಿ ನೋಡಿದ, ಆಮೇಲೆ, "ಬಿಡಿ ಮೇಷ್ಟ್ರೇ, ಆಗಿದ್ದು ಆಗಿಹೋಯ್ತು," ಎಂದ. ದೊಡ್ಡ ಮನುಷ್ಯನ ಹಾಗೆ ಕ್ಷಮಿಸಿಬಿಟ್ಟ. ತಾನು ಮಾಡಿದ ತಪ್ಪಿಗೆ ಇನ್ನೊಬ್ಬರನ್ನು ಕ್ಷಮಿಸಿದ. ಮುಂದೆ ಅವನು ಹೇಳಿದ ಸುಳ್ಳುಗಳು ಒಂದೆರಡಲ್ಲ, ಆದರೆ ನೆನೆದಾಗಲೆಲ್ಲ ಅವನ ಕಿವಿ ಬಿಸಿಯಾಗುತ್ತಿದ್ದದ್ದು ಈ 'ಬಿಡಿ'ಗೆ.

ಮಂಡಿಯೊಳಗೆ ಮೂಳೆ ಹಿಡಿದಿಡುವ ಲಿಗಮೆಂಟು ಹರಿದಿತ್ತು. ಆಪರೇಷನ್ ಆಯಿತು. ಮೂರು ವಾರ ಮನೆಯಲ್ಲಿ ಛಾವಣಿ ನೋಡುತ್ತಾ ಮಲಗಿದ್ದು, ಆಮೇಲೆ ಕೋಲೂರಿಕೊಂಡು ಅಂಗಡಿಗೆ ಬಂದ. ಎರಡನೆಯ ಕುರ್ಚಿಯಲ್ಲಿ ಕೆಲಸ ಮಾಡುತ್ತಿದ್ದ ಭಾಮೈದನೇ ಈಗ ಎಲ್ಲರ ತಲೆಗೂ ದಿಕ್ಕು. ಕುದುರೆಗೆ ಮಾಡಲು ಏನೂ ಇಲ್ಲ, ಬಾಯೊಂದು ಬಿಟ್ಟು. ಕುದುರೆ ಕುಂಟಿದ್ದು ಹೇಗೆ ಎಂದು ಬಂದವರೆಲ್ಲ ಕೇಳುವವರೇ. ಕುತ್ತಿಗೆಗೆ ಬಟ್ಟೆ ಬಿಗಿಸಿಕೊಂಡು ಕೂತವರು ಎದ್ದು ಹೋಗುವ ಹಾಗೂ ಇಲ್ಲ. ಮೊದಲ ವಾರ ಹಗ್ಗ ಜಗ್ಗಿತು. ಎರಡನೆಯ ವಾರ ಮೇಷ್ಟ್ರು ಮುಗ್ಗರಿಸಿದರು, ಹಗ್ಗ ಜಗ್ಗಿತು. ಮೂರನೆಯ ವಾರಕ್ಕೆ ಕಥೆಗೆ ರೆಕ್ಕೆಪುಕ್ಕ ಪೂರ್ತಿ ಬಂದಿತ್ತು: ಮೇಷ್ಟ್ರು ಚರಂಡಿಗೆ ತಲೆಕೆಳಗಾಗಿ ಬೀಳುವುದರಲ್ಲಿದ್ದರು, ಇವನು ಅಡ್ಡ ಬಂದು ತನ್ನ ಮಂಡಿ ಕೊಟ್ಟು ಉಳಿಸಿದ. ಕೇಳಿದವರು ಲೊಚಗುಟ್ಟಿದರು. ಕಥೆ ಹೇಳುವವನಿಗೆ ಆ ಲೊಚಗುಟ್ಟುವಿಕೆಗಿಂತ ಬೇರೆ ಮದ್ದಿಲ್ಲ.

ಆ ಕಥೆಯನ್ನು ಅವನು ಎಲ್ಲಿ ಕೂತು ಹೇಳುತ್ತಿದ್ದ ಎಂಬುದನ್ನೂ ಹೇಳಿಬಿಡಬೇಕು. ನಿಂತು ಕೆಲಸ ಮಾಡಲು ಇನ್ನೂ ತಿಂಗಳುಗಟ್ಟಲೆ ಬೇಕು ಎಂದು ಕೇಳಿದ ಮೇಷ್ಟ್ರು ಒಂದು ದಿನ ಅಂಗಡಿಗೆ ಬಂದು, ಗಿರಾಕಿಗಳ ಕುರ್ಚಿಯ ಎತ್ತರ, ಕುದುರೆಯ ಸೊಂಟದ ಎತ್ತರ, ತೊಡೆಯ ಉದ್ದ ಎಲ್ಲವನ್ನೂ ಗೇಣಿನಲ್ಲಿ ಅಳೆದುಕೊಂಡು ಹೋದರು. ಹದಿನೈದು ದಿನಕ್ಕೆ ಎತ್ತರದ ಸ್ಟೂಲೊಂದು ಬಂತು. ಬೆತ್ತದ ಆಸನ, ಎಡಗಾಲು ಚಾಚಲು ಒಂದು ಕಡೆ ಇಳಿಜಾರು, ಪಾದ ಇಡಲು ಅಡ್ಡಪಟ್ಟಿ. ಕೂತೇ ಕತ್ತರಿ ಆಡಿಸಬಹುದಿತ್ತು. ಮೇಷ್ಟ್ರು ಹೆಣೆದ ಸ್ಟೂಲಿನ ಮೇಲೆ ಕೂತು, ಮೇಷ್ಟ್ರು ತನ್ನನ್ನು ಬೀಳಿಸಿದ ಕಥೆಯನ್ನು ಕುದುರೆ ದಿನಕ್ಕೆ ಎಂಟು ಸಲ ಹೇಳಿದ.

ಇಷ್ಟಕ್ಕೇ ಮುಗಿಯಲಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಮೇಷ್ಟ್ರು ಕುದುರೆಯ ಮನೆಗೆ ಬಂದು ವ್ಯಾಯಾಮ ಮಾಡಿಸುತ್ತಿದ್ದರು. ಫಿಸಿಯೋ ಡಾಕ್ಟರಮ್ಮ ಹೇಳಿಕೊಟ್ಟದ್ದನ್ನೆಲ್ಲ ಅವರು ಒಂದೇ ಸಲಕ್ಕೆ ಬಾಯಿಪಾಠ ಮಾಡಿಕೊಂಡಿದ್ದರು. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಒತ್ತುವುದು, ಕಾಲು ನೇರ ಮಾಡಿ ಎತ್ತಿ ಹತ್ತು ಎಣಿಸುವವರೆಗೆ ಹಿಡಿಯುವುದು, ಹಿಮ್ಮಡಿಯನ್ನು ಜರುಗಿಸಿ ಮಡಚುವುದು. ಕುದುರೆ ಹಲ್ಲು ಕಚ್ಚಿಕೊಂಡು ಮಡಚುತ್ತಿದ್ದರೆ ಮೇಷ್ಟ್ರು ಅಂಗೈಯನ್ನು ಮಂಡಿಚಿಪ್ಪಿನ ಮೇಲಿಟ್ಟು, ಅಣ್ಣ, ನಿನ್ನೆಗಿಂತ ಅರ್ಧ ಬೆರಳು ಜಾಸ್ತಿ ಎನ್ನುತ್ತಿದ್ದರು. ಆ ಅಂಗೈಯಲ್ಲಿ ತರಚಿದ ಕಲೆ ಇನ್ನೂ ಕೆಂಪಗಿತ್ತು. ಕುದುರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ನೋವು ತುಂಬಾನಾ ಎಂದು ಮೇಷ್ಟ್ರು ಕೇಳಿದರೆ ಹೂಂ ಎನ್ನುತ್ತಿದ್ದ.

ನೀವು ಯಾವಾಗ ಓಟಕ್ಕೆ ಮರಳುತ್ತೀರಿ ಎಂದು ಅವನೊಮ್ಮೆ ಕೇಳಿದ್ದುಂಟು. ಈಗ ಶಾಲೆಯಲ್ಲಿ ಕೆಲಸ ಜಾಸ್ತಿ ಎಂದಿದ್ದರು ಮೇಷ್ಟ್ರು. ಇವನು ನಂಬಿದ. ನಂಬಿದರೆ ಅನುಕೂಲವಿತ್ತು.

ನಾಲ್ಕನೆಯ ತಿಂಗಳಲ್ಲಿ ಭಾಮೈದ ಸುದ್ದಿ ತಂದ. ಪೂರ್ತಿ ಓಟಕ್ಕೆ ಎರಡು ತಿಂಗಳಷ್ಟೇ ಉಳಿದಿತ್ತು. ಜೊತೆಗಾರರಿಲ್ಲದೆ ಮೇಷ್ಟ್ರ ಹೆಸರು ಬರೆದುಕೊಳ್ಳುವ ಹಾಗಿರಲಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬಳು ಹುಡುಗಿ, ಒಳ್ಳೆಯ ಓಟಗಾರ್ತಿ, ತಾನು ಹಗ್ಗ ಹಿಡಿಯುತ್ತೇನೆಂದು ತಾನಾಗಿಯೇ ಮುಂದೆ ಬಂದಿದ್ದಳಂತೆ. ಅವಳ ಅಪ್ಪ ಕುದುರೆ ಅಂಗಡಿಯ ಹಳೆಯ ಗಿರಾಕಿ, ವಿಮೆ ಏಜೆಂಟ್. ಜಗತ್ತಿನಲ್ಲಿ ಆಗುವುದೆಲ್ಲ ಅವನ ಕಣ್ಣಿಗೆ ಅಪಘಾತವೇ. ಕುದುರೆಯ ಕಥೆಯನ್ನು ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡು ಪೂರ್ತಿ ಕೇಳಿದ್ದ ಆತ, ಪಳಗಿದ ಓಟಗಾರನಿಗೇ ಹೀಗಾದರೆ ನಿನ್ನ ಗತಿಯೇನು ಎಂದು ಮಗಳನ್ನು ತಡೆದಿದ್ದ. ಹುಡುಗಿ ಹಿಂದೆ ಸರಿದಳು. ಇನ್ನಿಬ್ಬರು ಕೂಡ ಏನೇನೋ ನೆಪ ಹೇಳಿದರು.

"ಭಾವ, ಆ ಹಗ್ಗ ಹಿಡಿಯೋಕೆ ಈಗ ಯಾರೂ ಇಲ್ಲ," ಎಂದ ಭಾಮೈದ, ಬಾಚಣಿಗೆ ತೊಳೆಯುತ್ತಾ.

ಆ ಭಾನುವಾರ ಮೇಷ್ಟ್ರು ಕಟಿಂಗ್‌ಗೆ ಬಂದರು. ಬೆಂಚು ತುಂಬಿತ್ತು. ಕುದುರೆ ಸ್ಟೂಲಿನ ಮೇಲೆ ಕೂತು ಅವರ ಕುತ್ತಿಗೆಗೆ ಬಟ್ಟೆ ಕಟ್ಟಿದ. ಬೆಂಚಿನ ಮೇಲಿದ್ದ ಒಬ್ಬ ಮುದುಕ, ಮನಸ್ಸಿನಲ್ಲಿ ಯಾವ ಕೆಟ್ಟದ್ದೂ ಇಲ್ಲದೆ, ಮೇಷ್ಟ್ರೇ ಇನ್ನು ಮೇಲೆ ಈ ಓಟಗೀಟ ಸಾಕು ಮಾಡಿ, ಪಾಪ ಇವರು ನಿಮ್ಮನ್ನು ಉಳಿಸಲು ಹೋಗಿ ಕಾಲು ಕಳೆದುಕೊಂಡರು ಎಂದ. ತಮ್ಮನ್ನು ಉಳಿಸಿದ ಕಥೆಯನ್ನು ಮೇಷ್ಟ್ರು ಕೇಳುತ್ತಿದ್ದದ್ದು ಅದೇ ಮೊದಲ ಸಲ.

"ಹೌದು ಯಜಮಾನ್ರೇ," ಎಂದರು. "ನನ್ನಿಂದಲೇ ಆಗಿದ್ದು. ಅವರು ಒಂದು ದಿನಾನೂ ಎತ್ತಿ ಆಡಿಲ್ಲ."

ಕನ್ನಡಿಯಲ್ಲಿ ಇಬ್ಬರ ಮುಖವೂ ಇತ್ತು, ಒಂದರ ಹಿಂದೆ ಒಂದು. ನೋಡಬಲ್ಲವನು ಒಬ್ಬನೇ. ಕುದುರೆ ನೋಡಿದ. ಈಗ ಹೇಳಬೇಕು, ಈಗಲೇ, ಎಂದುಕೊಂಡು ಬಲಗಿವಿಯ ಮೇಲಿನ ಕೂದಲು ಕತ್ತರಿಸಿದ. ಎಡಗಿವಿಯದು ಮುಗಿದ ಮೇಲೆ ಹೇಳೋಣ ಎಂದುಕೊಂಡ. ಹಿಂದುಗಡೆಯೂ ಮುಗಿಯಿತು. ಬಟ್ಟೆ ಬಿಚ್ಚಿ ಕೊಡವಿದ, ಮೇಷ್ಟ್ರು ತಲೆ ಸವರಿಕೊಂಡು, ಚೆನ್ನಾಗಿದೆ ಅಣ್ಣ ಎಂದು ಹೇಳಿ ಹೋದರು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ನಿಲ್ಲದ ಬಾಯಿ ಅವತ್ತು ತೆರೆಯಲೇ ಇಲ್ಲ.

ರಾತ್ರಿಯವರೆಗೆ ಕಾಯಲಾಗದೆ ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗಲೇ ಹೆಂಡತಿಯ ಮುಂದೆ ಎಲ್ಲ ಕಕ್ಕಿದ. ಕೂದಲು, ಫೋಟೋ, ಕೈ, ಎಲ್ಲವನ್ನೂ. ಬೈಯುತ್ತಾಳೆ, ಬೈಸಿಕೊಂಡು ಹಗುರಾಗೋಣ ಎಂಬ ಲೆಕ್ಕ ಅವನದು. ಸುಳ್ಳು ಹೇಳುವ ಮುಖದ ನಲವತ್ತು ಮಾದರಿಯನ್ನು ಅವಳು ದಿನವೂ ಬಸ್ಸಿನಲ್ಲಿ ನೋಡುತ್ತಾಳೆ, ಆ ಲೆಕ್ಕ ಅವಳಿಗೆ ತಿಳಿಯಿತು. ಬೈಯಲಿಲ್ಲ.

"ನನಗೆ ಹೇಳಿ ಏನು ಬಂತು? ನಾನೇನು ಬಿದ್ದಿದ್ನಾ? ಮೊದಲು ಅವರಿಗೆ ಹೇಳು. ಆಮೇಲೆ ಅಂಗಡೀಲಿ ಯಾರ್‍ಯಾರಿಗೆ ಹೇಳಿದ್ಯೋ ಅವರಿಗೆಲ್ಲ ಹೇಳು," ಎಂದು ತಟ್ಟೆ ಎತ್ತಿಕೊಂಡು ಹೋದಳು.

ಮರುದಿನ ಡಾಕ್ಟರಮ್ಮ ಅವನಿಗೆ ಮೊದಲ ಸಲ ಓಡಲು ಬಿಟ್ಟಿದ್ದಳು. ಎರಡು ನಿಮಿಷ ನಿಧಾನದ ಓಟ, ಮೂರು ನಿಮಿಷ ನಡಿಗೆ, ಅಷ್ಟೇ. ಶಾಲೆಯ ಹಿಂದಿನ ಮೈದಾನಕ್ಕೆ ಮೇಷ್ಟ್ರೂ ಬಂದರು, ಅವನ ಹೆಜ್ಜೆಯ ಸದ್ದು ಕೇಳಲು. ಅವನು ಓಡಿದ, ಅಂದರೆ ಓಡುವವರಂತೆ ಕಂಡ. ಎರಡು ನಿಮಿಷಕ್ಕೆ ತೊಡೆ ನಡುಗಿತು. ಬೇಲಿಯ ಪಕ್ಕದ ಕಟ್ಟೆಯ ಮೇಲೆ ಕೂತಿದ್ದ ಮೇಷ್ಟ್ರು ಮುಖ ಅರಳಿಸಿ, ಎಡಗಾಲು ಒಂಚೂರು ಹಗುರವಾಗಿ ಇಡುತ್ತಿದ್ದೀರಿ, ಹೆದರಬೇಡಿ, ಪೂರ್ತಿ ಊರಿ ಎಂದರು.

ಕುದುರೆ ಅವರ ಮುಂದೆ ನಿಂತ. ಅಂಗಡಿಯಲ್ಲಾದರೆ ಮಾತಿಗೊಂದು ಪೀಠಿಕೆ ಇರುತ್ತಿತ್ತು. ಇಲ್ಲಿ ಇರಲಿಲ್ಲ.

"ಮೇಷ್ಟ್ರೇ, ಅವತ್ತು ನೀವು ಜಗ್ಗಲಿಲ್ಲ. ನಾನು ಕೈ ಎತ್ತಿದೆ. ಅಲ್ಲೊಬ್ಬ ಫೋಟೋ ತೆಗೀತಿದ್ದ, ಕೂದಲು ಸರಿಮಾಡ್ಕೊಳ್ಳೋಕೆ ಕೈ ಎತ್ತಿದೆ. ಹಗ್ಗ ಹಿಡಿದ ಕೈ."

ಮೇಷ್ಟ್ರ ಮುಖದಲ್ಲಿದ್ದ ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಉಳಿಯಿತು.

"ಉಳಿಸಿದ್ದು?" ಎಂದು ಕೇಳಿದರು.

"ಅದೂ ಸುಳ್ಳು. ಕಟ್ಟಿ ಹೇಳಿದ್ದು."

ಮೈದಾನದ ಆ ತುದಿಯಲ್ಲಿ ಯಾರೋ ಹುಲ್ಲು ಕತ್ತರಿಸುವ ಯಂತ್ರ ಚಾಲೂ ಮಾಡಿದರು. ಅದರ ಸದ್ದು ಸಮ ಆಗುವವರೆಗೆ ಮೇಷ್ಟ್ರು ಕಾದರು.

"ಅಣ್ಣ, ನಾಲ್ಕು ತಿಂಗಳಿಂದ ನಾನು ನಮ್ಮ ಮನೇಲೂ ಗೋಡೆ ಹಿಡ್ಕೊಂಡು ನಡೀತಿದ್ದೀನಿ. ಹೆಂಡತಿ ಕೈ ಹಿಡಿದರೆ ಎಲ್ಲಿ ಬೀಳಿಸ್ತೀನೋ ಅಂತ ಬಿಡಿಸ್ಕೊಳ್ತೀನಿ."

ಕುದುರೆ ಕ್ಷಮಿಸಿ ಎಂದ, ತಪ್ಪಾಯಿತು ಎಂದ, ಇನ್ನೂ ಏನೇನೋ ಅಂದ. ಮೇಷ್ಟ್ರು ಅದನ್ನೆಲ್ಲ ಕೇಳಿ ಎದ್ದರು. ಗೇಟಿನವರೆಗೆ ಬಿಡುತ್ತೇನೆಂದು ಇವನು ತೋಳು ಕೊಟ್ಟರೆ, ಬೇಡ, ದಾರಿ ಗೊತ್ತು ಎಂದು ಮಡಚಿಟ್ಟಿದ್ದ ತಮ್ಮ ಕೋಲು ಬಿಚ್ಚಿಕೊಂಡರು. ಅವತ್ತಿನಿಂದ ಅವರು ಸಂಜೆ ಮನೆಗೆ ಬರುವುದು ನಿಂತಿತು. ಮಂಡಿಯನ್ನು ಅವನೊಬ್ಬನೇ ಮಡಚಿದ, ಒಬ್ಬನೇ ಹತ್ತರವರೆಗೆ ಎಣಿಸಿದ. ಎಷ್ಟು ಬೆರಳು ಜಾಸ್ತಿಯಾಯಿತೆಂದು ಹೇಳುವವರಿರಲಿಲ್ಲ.

ಮುಂದಿನ ಭಾನುವಾರ ಅಂಗಡಿ ಭರ್ತಿಯಾದಾಗ ಕುದುರೆ ಸ್ಟೂಲಿನಿಂದ ಇಳಿದು ನಿಂತು ನಿಜ ಹೇಳಿದ. ಎಲ್ಲರಿಗೂ ಕೇಳುವ ಹಾಗೆ, ಸುತ್ತುಬಳಸದೆ. ಬೆಂಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮುದುಕ ತಲೆದೂಗಿ, ನೋಡಿ ಎಂಥ ದೊಡ್ಡ ಮನಸ್ಸು, ಮೇಷ್ಟ್ರಿಗೆ ಬೇಜಾರಾಗಬಾರದು ಅಂತ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುತ್ತಿದ್ದಾನೆ ಎಂದ. ಉಳಿದವರು ಲೊಚಗುಟ್ಟಿದರು. ಮೂರು ತಿಂಗಳು ಅವನೇ ಉಪ್ಪುಖಾರ ಹಚ್ಚಿ ಬೆಳೆಸಿದ ಕಥೆ ಈಗ ಅವನ ಮಾತನ್ನೇ ಕೇಳುತ್ತಿರಲಿಲ್ಲ. ನಿಜ ಹೇಳಿ ಇನ್ನಷ್ಟು ದೊಡ್ಡವನಾದ ಅವಮಾನ ಎಷ್ಟು ಜನಕ್ಕೆ ಆಗಿರುತ್ತದೋ ಗೊತ್ತಿಲ್ಲ. ಕುದುರೆಗೆ ಆಯಿತು.

ಮೊದಲನೆಯ ಕುರ್ಚಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡು ವಿಮೆ ಏಜೆಂಟ್ ಕೂತಿದ್ದ. ಕುದುರೆ ಅವನ ಪಕ್ಕ ಕನ್ನಡಿಯ ಮುಂದೆ ನಿಂತ. ಭಾಮೈದನ ಎಡಗೈಗೆ ಟವೆಲಿನ ಒಂದು ತುದಿ ಕೊಟ್ಟು, ಇನ್ನೊಂದು ತುದಿಯನ್ನು ತನ್ನ ಬಲಗೈಗೆ ಸುತ್ತಿಕೊಂಡ. ನಿಂತಲ್ಲೇ ಹೆಜ್ಜೆ ಹಾಕಿದ. ಆಮೇಲೆ ಕನ್ನಡಿಯತ್ತ ಗದ್ದ ಎತ್ತಿ, ಹಲ್ಲು ಕಿರಿದು, ಅದೇ ಬಲಗೈಯಿಂದ ಮುಂಗೂದಲನ್ನು ಹಿಂದಕ್ಕೆ ಸವರಿಕೊಂಡ. ಭಾಮೈದ ಜೋಲಿ ತಪ್ಪಿ ಅವನ ಮೇಲೆ ಬಂದು ಬಿದ್ದ. ಬೆಂಚು ಗೊಳ್ಳೆಂದಿತು. ನಗು ಪೂರ್ತಿ ಮುಗಿಯುವ ಮೊದಲೇ ಒಬ್ಬೊಬ್ಬರಾಗಿ ಸುಮ್ಮನಾದರು. ಆ ಗದ್ದ ಎತ್ತುವುದನ್ನು, ಆ ಕೂದಲು ಸವರುವುದನ್ನು ಅವರು ಇಪ್ಪತ್ತು ವರ್ಷಗಳಿಂದ ಇದೇ ಕನ್ನಡಿಯಲ್ಲಿ ನೋಡಿದ್ದರು. ಅದನ್ನು ಕಟ್ಟಿ ಹೇಳಲು ಯಾರಿಗೂ ಬರುವುದಿಲ್ಲ.

"ಫೋಟೋಗೋಸ್ಕರ?" ಎಂದ ಏಜೆಂಟ್.

"ಹೂಂ. ಫೋಟೋಗೋಸ್ಕರ."

ಏಜೆಂಟ್ ಸೋಪಿನ ಮುಖದಲ್ಲೇ ಬಹಳ ಹೊತ್ತು ಅವನನ್ನು ನೋಡಿದ. ಇದನ್ನು ನನ್ನ ಮಗಳಿಗೆ ನೀವೇ ಹೋಗಿ ಹೇಳಬೇಕು, ನಾನು ಹೇಳಿದರೆ ಅಪ್ಪ ಮಾತು ಬದಲಾಯಿಸಿದ ಅನ್ನುತ್ತಾಳೆ ಎಂದ. ಉಳಿದ ಅರ್ಧ ಗಡ್ಡವನ್ನು ಭಾಮೈದನ ಕೈಯಲ್ಲಿ ಹೆರೆಸಿಕೊಂಡ.

ಸೋಮವಾರ ಕುದುರೆ ಬ್ಯಾಂಕಿನ ಸಾಲಿನಲ್ಲಿ ನಿಂತ. ಅವನ ಸರದಿ ಬಂದಾಗ ಗಾಜಿನ ಆಚೆಯ ಹುಡುಗಿ ಯಾವ ಫಾರಂ ಎಂದು ಕೇಳಿದಳು. ಫಾರಂ ಇರಲಿಲ್ಲ. ಗಾಜಿನ ತೂತು ಸಣ್ಣದು, ಮೆಲ್ಲಗೆ ಹೇಳಿದ್ದು ಅವಳಿಗೆ ಕೇಳಿಸಲಿಲ್ಲ. ಜೋರಾಗಿ ಹೇಳಬೇಕಾಯಿತು. ಹಿಂದೆ ನಿಂತಿದ್ದ ಆರೇಳು ಜನರೂ ಅವನ ಕೂದಲಿನ ಕಥೆ ಕೇಳಿದರು. ಹುಡುಗಿ ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮೇಷ್ಟ್ರ ಫೋನ್ ನಂಬರು ಕೊಡಿ ಎಂದಳು, ಬರೆದುಕೊಂಡಳು, ಮುಂದಿನವರನ್ನು ಕರೆದಳು.

ಆರೇಳು ವಾರವಾದ ಮೇಲೆ ಪೂರ್ತಿ ಓಟದ ದಿನ ಬಂತು. ಕುದುರೆ ಯಾರಿಗೂ ಹೇಳದೆ ಹೋಗಿ ಮೂವತ್ತೆಂಟನೆಯ ಕಿಲೋಮೀಟರಿನ ಬಳಿ ರಸ್ತೆಯಂಚಿಗೆ ನಿಂತ. ಅಲ್ಲಿಗೆ ಬರುವಷ್ಟರಲ್ಲಿ ಎಂಥವರ ಮುಖವೂ ಕಳಾಹೀನವಾಗಿರುತ್ತದೆ, ಅದು ಅವನಿಗೆ ಗೊತ್ತು. ಮೂರು ಗಂಟೆಗೂ ಹೆಚ್ಚು ಹೊತ್ತು ಕಾದ. ಮಂಡಿ ಬಿಗಿದುಕೊಂಡಿತು, ಆದರೂ ಕದಲಲಿಲ್ಲ. ಕೊನೆಗೆ ಇಬ್ಬರೂ ಕಂಡರು, ಹೆಜ್ಜೆಗೆ ಹೆಜ್ಜೆ, ನಡುವೆ ಹಗ್ಗ. ಮೇಷ್ಟ್ರ ಅಂಗಿ ಬೆವರಿನ ಉಪ್ಪಿಗೆ ಬೆಳ್ಳಗಾಗಿತ್ತು. ಹುಡುಗಿ ದಾರಿ ಹೇಳುತ್ತಿದ್ದಳು, ಇವನಿಗಿಂತ ಕಡಿಮೆ ಮಾತಿನಲ್ಲಿ, ಇವನಿಗಿಂತ ಚೆನ್ನಾಗಿ. ಬಂದದ್ದಕ್ಕೆ ಖುಷಿಪಡುವ ಮೊದಲೇ ಯಾಕಾದರೂ ಬಂದೆನೋ ಎಂದು ಅವನಿಗೆ ನಾಚಿಕೆಯಾಯಿತು. ಕಂಬದ ಹಿಂದೆ ಸರಿಯುವುದರೊಳಗೆ ಹುಡುಗಿ ಅವನನ್ನು ಕಂಡಳು.

"ಎಡಗಡೆ ಕುದುರೆ ಅಣ್ಣ ನಿಂತಿದ್ದಾರೆ," ಎಂದಳು.

ಮೇಷ್ಟ್ರ ಹೆಜ್ಜೆ ತಪ್ಪಲಿಲ್ಲ. ಮುಖವೂ ಇತ್ತ ತಿರುಗಲಿಲ್ಲ. ದಾಟಿ ನಾಲ್ಕು ಮಾರು ಹೋದ ಮೇಲೆ ಅವರ ದನಿ ಕೇಳಿಸಿತು, ಏದುಸಿರಿನಲ್ಲಿ, ಹುಡುಗಿಗೆ ಹೇಳುವ ಹಾಗೆ.

"ಅಷ್ಟು ಹೊತ್ತು ನಿಲ್ಲಬಾರದು ಅವರು. ಕೂತ್ಕೊಳ್ಳೋಕೆ ಹೇಳಿ."

ಹುಡುಗಿ ಓಡುತ್ತಲೇ ಹಿಂದಿರುಗಿ ನೋಡಿ ಕೈಯಿಂದ ಸನ್ನೆ ಮಾಡಿದಳು, ಖಾಲಿ ಇದ್ದ ಕೈಯಿಂದ. ಕುದುರೆ ಎಡಗಾಲನ್ನು ಮುಂದಕ್ಕೆ ಚಾಚಿಕೊಂಡು ರಸ್ತೆಯ ಅಂಚಿನ ಮೇಲೆ ಕೂತ.